ಚುಕ್ಕೆ ಉದುರಿತೆಂದು ಮದ್ದು ನಿಲ್ಲಿಸಬೇಡಿ

ಮಳೆಗಾಲದಲ್ಲಿ ಮುರ್ಡೇಶ್ವರ, ಭಟ್ಕಳದ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಮೀನಿನ ತೊಟ್ಟಿಯ ಗಾಳಿ ಪಂಪು ನಿಲ್ಲುತ್ತದೆ, ರಾತ್ರಿ ನೀರು ತಣ್ಣಗಾಗುತ್ತದೆ, ಮೀನು ಬಳಲುತ್ತದೆ. ಬಿಳಿಚುಕ್ಕೆ ರೋಗ ಕಾಣಿಸುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಮೀನು ರೆಕ್ಕೆ ಮುದುಡಿಕೊಂಡು ಕಲ್ಲಿಗೆ ಮೈ ಉಜ್ಜುತ್ತದೆ. ಮೈಮೇಲೆಲ್ಲ ರವೆ ಉದುರಿಸಿದಂಥ ಚುಕ್ಕೆ.

ಇದಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಒಂದೊಂದು ಚುಕ್ಕೆಯೊಳಗೂ ಅದು ಮೀನಿನ ಹೊರಚರ್ಮದಡಿ ಗರಗರ ತಿರುಗುತ್ತ, ಜೀವಕೋಶಗಳನ್ನು ತಿನ್ನುತ್ತ ಬೆಳೆಯುತ್ತದೆ. ಅಲ್ಲಿರುವಷ್ಟು ದಿನ ನೀರಿಗೆ ಹಾಕಿದ ಮದ್ದು ಅದನ್ನು ಮುಟ್ಟದು. ಬಲಿತ ಮೇಲೆ ಕಳಚಿಕೊಂಡು ತೊಟ್ಟಿಯ ತಳ ಸೇರಿ, ಅಂಟಿನ ಕೋಶ ಕಟ್ಟಿಕೊಂಡು, ಒಳಗೇ ಒಡೆದು ನೂರಾರು ಮರಿಯಾಗುತ್ತದೆ. ಹೊರಬಿದ್ದ ಮರಿಗಳು ಮೀನನ್ನು ಹುಡುಕಿ ಈಜಾಡುವ ಒಂದೆರಡು ದಿನವೇ ಮದ್ದಿಗೆ ಸಿಕ್ಕುವ ಕಾಲ. ಅಂದರೆ ಚುಕ್ಕೆ ಮಾಯವಾದಾಗ ರೋಗ ಹೋಗಿರುವುದಿಲ್ಲ, ತಳದಲ್ಲಿ ಹೆಚ್ಚುತ್ತಿರುತ್ತದೆ. ಎಷ್ಟೋ ಮೀನುಗಳು ಸಾಯುವುದು ಇದನ್ನು ತಿಳಿಯದೆ ಮದ್ದು ನಿಲ್ಲಿಸುವುದರಿಂದ.

ನಮ್ಮ ಕರಾವಳಿಯ 26–28 ಡಿಗ್ರಿ ನೀರಿನಲ್ಲಿ ಈ ಚಕ್ರ ವಾರದೊಳಗೆ ಮುಗಿಯುತ್ತದೆ. ಆದರೂ ಚಿಕಿತ್ಸೆ ಎರಡು ವಾರ ನಡೆಯಲಿ. ಸಿಹಿನೀರಿನ ಮೀನಿಗೆ ಉಪ್ಪೇ ಒಳ್ಳೆಯ ಮದ್ದು. ಕುಮಟಾ ತಾಲ್ಲೂಕಿನ ಸಾಣಿಕಟ್ಟಾ ಉಪ್ಪು ಮನೆಯಲ್ಲಿದ್ದರೆ ಅದೇ ಸಾಕು. ಕರಗಿಸಿ ಮಡ್ಡಿ ಇಳಿಸಿಕೊಳ್ಳಿ. ಲೀಟರಿಗೆ 2–3 ಗ್ರಾಂ, 40 ಲೀಟರಿನ ತೊಟ್ಟಿಗೆ 80ರಿಂದ 120 ಗ್ರಾಂ. ಒಮ್ಮೆಲೇ ಸುರಿಯದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ನೀರು ಆರಿದರೆ ಬರೀ ನೀರು ತುಂಬಿ, ಏಕೆಂದರೆ ಉಪ್ಪು ಆರುವುದಿಲ್ಲ. ತೊಟ್ಟಿಯ ಗಿಡಗಳಿಗೆ ಇದು ಆಗದು, ಮೊದಲೇ ತೆಗೆದಿಡಿ. ಅಂಗಡಿಯ ಮ್ಯಾಲಕೈಟ್ ಗ್ರೀನ್ ಕೂಡ ಕೆಲಸ ಮಾಡುತ್ತದೆ; ತಿನ್ನುವ ಮೀನಿಗೆ ಮಾತ್ರ ಅದನ್ನು ಯಾವತ್ತೂ ಸೋಕಿಸಬಾರದು.

ನೇತ್ರಾಣಿ ದ್ವೀಪದ ಹವಳದ ನಡುವೆ ಚಿಟ್ಟೆಮೀನುಗಳನ್ನು ಕಂಡು ಬಂದವರಿಗೆ ಮನೆಯಲ್ಲೂ ಕಡಲನೀರಿನ ತೊಟ್ಟಿ ಇಡುವ ಆಸೆಯಾಗುತ್ತದೆ. (ಅಲ್ಲಿಯ ಮೀನು ಅಲ್ಲೇ ಇರಲಿ, ಸಾಕಣೆಯಲ್ಲಿ ಹುಟ್ಟಿದವನ್ನೇ ಕೊಳ್ಳಿ.) ಆ ಮೀನುಗಳಿಗೂ ಇಂಥದೇ ಬಿಳಿಚುಕ್ಕೆ ಬರುತ್ತದೆ, ಆದರೆ ಜೀವಿ ಬೇರೆ: ಕ್ರಿಪ್ಟೋಕ್ಯಾರಿಯಾನ್. ಉಪ್ಪುನೀರಿನಲ್ಲೇ ಹುಟ್ಟಿ ಬೆಳೆದ ಅದಕ್ಕೆ ಇನ್ನಷ್ಟು ಉಪ್ಪು ಹಾಕಿ ಪ್ರಯೋಜನವಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಇರುವ ಉಪ್ಪನ್ನು ಒಂದೆರಡು ದಿನದಲ್ಲಿ ನಿಧಾನವಾಗಿ ಅರ್ಧಕ್ಕಿಂತ ಕೆಳಗಿಳಿಸಿ ಮೂರ್ನಾಲ್ಕು ವಾರ ಹಾಗೇ ಇಟ್ಟರೆ ಅದು ಉಳಿಯುವುದು ಕಷ್ಟ. ಅಷ್ಟು ಸಪ್ಪೆ ನೀರನ್ನು ಹವಳ, ಸೀಗಡಿ ತಾಳವು. ಮೀನನ್ನಷ್ಟೇ ಬೇರೆ ತೊಟ್ಟಿಗೆ ಹಾಕಿ ಈ ಚಿಕಿತ್ಸೆ ಮಾಡಬೇಕು.