ಅಂಗಳದ ಹೆಗ್ಗಣ: ವಿಷವಿಲ್ಲದೆ, ಹಿಂಸೆಯಿಲ್ಲದೆ

ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಅಂಗಳದ ಹುಲ್ಲಿನ ನಡುವೆ ಬುಟ್ಟಿಯಷ್ಟು ಹೊಸ ಮಣ್ಣು. ಎರಡು ದಿನ ಕಳೆಯುವಷ್ಟರಲ್ಲಿ ಮಲ್ಲಿಗೆ ಗಿಡದ ಬುಡದಲ್ಲಿ ಇನ್ನೊಂದು ರಾಶಿ. ವಾರದೊಳಗೆ ಕಾಂಪೌಂಡು ಗೋಡೆಯ ಕೆಳಗೂ ತೂತು. ನೀವು ಪ್ರೀತಿಯಿಂದ ಬೆಳೆಸಿದ ಹುಲ್ಲು, ಹೂವು, ಮರಗೆಣಸು ಎಲ್ಲವೂ ಹೆಗ್ಗಣದ ಪಾಲು. ಆಗ ಬರುವ ಸಿಟ್ಟು ಸಹಜವೇ. ಆದರೆ ಆ ಸಿಟ್ಟಿನಲ್ಲಿ ನಾವು ಅಂಗಡಿಯಿಂದ ತರುವ ವಸ್ತು ಯಾವುದು, ಅದು ಮನೆಯೊಳಗೆ ಏನೇನು ಮಾಡಬಲ್ಲದು ಎಂದು ಯೋಚಿಸಿದ್ದೀರಾ?

ವಿಷ ಯಾರನ್ನು ಕೊಲ್ಲುತ್ತದೆ?

ಇಲಿ ಪಾಷಾಣಕ್ಕೆ ಇಲಿಯೂ ಒಂದೇ, ಮಗುವೂ ಒಂದೇ. ಹಳದಿ ರಂಜಕವಿರುವ ಪೇಸ್ಟ್ ಪಿತ್ತಕೋಶವನ್ನಲ್ಲ, ಯಕೃತ್ತನ್ನೇ ಹಾಳುಗೆಡವುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಸತುವಿನ ಫಾಸ್ಫೈಡ್ ಪುಡಿಯನ್ನು ತಿಂದರೆ ಹೊಟ್ಟೆಯಲ್ಲಿ ವಿಷಾನಿಲ ಹುಟ್ಟುತ್ತದೆ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕೆಲವರು ಬಿಲಕ್ಕೆ ಹಾಕಿ ಮುಚ್ಚುವುದುಂಟು. ಅದರ ಅನಿಲ ಗೋಡೆಯ ಬಿರುಕಿನಿಂದ ಮಲಗುವ ಕೋಣೆಗೂ ನುಗ್ಗಬಲ್ಲದು. 2024ರ ನವೆಂಬರ್‌ನಲ್ಲಿ ಚೆನ್ನೈ ಸಮೀಪದ ಕುಂದ್ರತ್ತೂರಿನಲ್ಲಿ, ಇಲಿ ಕಾಟ ತಪ್ಪಿಸಲು ಮನೆಯಲ್ಲಿ ಇಟ್ಟಿದ್ದ ವಿಷದಿಂದ ಇಬ್ಬರು ಪುಟ್ಟ ಮಕ್ಕಳೇ ಪ್ರಾಣ ಕಳೆದುಕೊಂಡರು.

ನಿಧಾನವಾಗಿ ಕೊಲ್ಲುವ ಬ್ರೋಮಾಡಿಯೋಲೋನ್ ಬಿಲ್ಲೆಗಳೂ ನಿರಪಾಯಕಾರಿಯಲ್ಲ. ಅದನ್ನು ತಿಂದ ಹೆಗ್ಗಣ ಒಳಗೊಳಗೇ ರಕ್ತಸ್ರಾವವಾಗಿ ಕೆಲವು ದಿನ ನರಳಿ ಸಾಯುತ್ತದೆ. ಅಂಥ ಹೆಗ್ಗಣವನ್ನು ತಿಂದ ಬೆಕ್ಕು, ಗೂಬೆಗಳಿಗೂ ಆ ವಿಷ ಏರುತ್ತದೆ. ಇಲಿಗಳನ್ನು ಹಿಡಿದು ತಿಂದು ನಮಗೆ ಉಪಕಾರ ಮಾಡುವ ಜೀವಿಗಳನ್ನೇ ನಾವು ಕೊಂದಂತಾಗುತ್ತದೆ. ಇನ್ನು ಅಂಟು ಹಲಗೆಯ ಮೇಲೆ ಸಿಕ್ಕಿಬಿದ್ದ ಪ್ರಾಣಿ ಚರ್ಮ ಕಿತ್ತುಕೊಂಡು, ಹಸಿವು ಬಾಯಾರಿಕೆಯಿಂದ ಗಂಟೆಗಟ್ಟಲೆ ಒದ್ದಾಡುತ್ತದೆ. ಇಂಗ್ಲೆಂಡಿನಲ್ಲಿ 2022ರ ಕಾನೂನಿನಂತೆ, 2024ರ ಜುಲೈ 31ರಿಂದ ಪರವಾನಗಿಯಿಲ್ಲದೆ ಇಲಿಗಳಿಗೆ ಅಂಟು ಹಲಗೆ ಇಡುವುದು ಅಪರಾಧವಾಗಿದೆ.

ಧರ್ಮ ಏನನ್ನುತ್ತದೆ?

"ಇಲಿಯನ್ನು ಕೊಲ್ಲಲು ಅನುಮತಿ ಇದೆಯಲ್ಲ?" ಎಂದು ನೀವು ಕೇಳಬಹುದು. ಹೌದು, ಕೊಲ್ಲಬಹುದಾದ ಹಾನಿಕಾರಕ ಜೀವಿಗಳ ಸಾಲಿನಲ್ಲಿ ಇಲಿಯೂ ಇದೆಯೆಂದು ಹದೀಸ್‌ನಲ್ಲಿ ಬಂದಿದೆ. ಆದರೆ ಕೊಲ್ಲುವಾಗಲೂ ಉತ್ತಮ ರೀತಿಯಲ್ಲಿ, ನೋವು ಕೊಡದೆ ಕೊಲ್ಲಬೇಕೆಂದು ಕಲಿಸಿದವರೂ ಅದೇ ಪ್ರವಾದಿ(ಸ). ಬೆಂಕಿಯಿಂದ ಶಿಕ್ಷಿಸುವುದನ್ನು ಅವರು ತಡೆದಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ, ಅನ್ನ ನೀರು ಕೊಡದೆ ಸಾಯಿಸಿದ ಸ್ತ್ರೀಯ ಗತಿಯನ್ನು ನಾವೆಲ್ಲ ಕೇಳಿಯೇ ಇದ್ದೇವೆ. ಹಾನಿ ತಪ್ಪಿಸುವ ಅನುಮತಿ ಹಿಂಸಿಸುವ ಅನುಮತಿಯಲ್ಲ. ಬಿಲಕ್ಕೆ ಕುದಿಯುವ ನೀರು ಸುರಿಯುವಾಗ, ಬೆಂಕಿ ಹಚ್ಚಿದ ಬಟ್ಟೆ ತುರುಕುವಾಗ ಇದು ನೆನಪಿರಲಿ.

ಇನ್ನೊಂದು ಮಾತನ್ನೂ ಗಮನಿಸಿ. ರಾತ್ರಿ ಮಲಗುವಾಗ ಪಾತ್ರೆಗಳನ್ನು ಮುಚ್ಚಿಡಿ, ದೀಪ ಆರಿಸಿ, ಇಲಿ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ಹಚ್ಚೀತು ಎಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಇಲಿಯ ಹಿಂದೆ ಓಡುವ ಮೊದಲು ಅದಕ್ಕೆ ಅವಕಾಶವನ್ನೇ ಕೊಡಬೇಡಿ ಎಂಬ ಜಾಣತನ ಇದರಲ್ಲಿದೆ. ಅಂಗಳದ ಹೆಗ್ಗಣಕ್ಕೂ ಮದ್ದು ಇದೇ.

ಮೊದಲು ಗುರುತು ಹಿಡಿಯಿರಿ

ಇಂಗ್ಲಿಷಿನ 'ಬ್ಯಾಂಡಿಕೂಟ್' ಎಂಬ ಹೆಸರು ಬಂದದ್ದು ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿ ಇಲಿ ಎಂಬುದರಿಂದ. ಕೆರಳಿದಾಗ ಹಂದಿಯಂತೆ ಗುರುಗುಟ್ಟುವ ಈ ಪ್ರಾಣಿ ರಾತ್ರಿ ಸಂಚಾರಿ. ದೊಡ್ಡ ಜಾತಿಯ ಹೆಗ್ಗಣ ಒಂದು ಕಿಲೋದವರೆಗೂ ತೂಗಬಲ್ಲದು. ಗರ್ಭ ಧರಿಸಿ ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಬಿಲದ ಬಾಯಲ್ಲಿ ಹೊರಹಾಕಿದ ಮಣ್ಣಿನ ರಾಶಿಯೇ ಇದರ ಗುರುತು.

ಅಂಗಳದ ಎಲ್ಲ ತೂತುಗಳೂ ಹೆಗ್ಗಣದ್ದಲ್ಲ. ಚೂಪು ಮೂತಿಯ, ಗಬ್ಬು ವಾಸನೆಯ ಸುಂಡಿಲಿ ಜಿರಳೆ, ಹುಳಗಳನ್ನು ತಿನ್ನುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಹಳೆಯ ಬಿಲದಲ್ಲಿ ಹಾವೂ ಇರಬಹುದು, ಆದ್ದರಿಂದ ಎಂದೂ ಕೈ ಹಾಕಬೇಡಿ. ಸಂಜೆ ಬಿಲಗಳ ಬಾಯಿಗೆ ಹಳೆಯ ಪತ್ರಿಕೆಯನ್ನು ಸಡಿಲವಾಗಿ ತುರುಕಿ. ಬೆಳಿಗ್ಗೆ ಕಾಗದ ಹೊರಬಿದ್ದಿದ್ದರೆ ಅದು ವಾಸವಿರುವ ಬಿಲ.

ಊಟ ನಿಲ್ಲಿಸಿ, ಮರೆ ತೆಗೆಯಿರಿ

ಹೆಗ್ಗಣ ನಿಮ್ಮ ಅಂಗಳಕ್ಕೆ ಬಂದದ್ದು ಅಲ್ಲಿ ಊಟ ಮತ್ತು ಆಸರೆ ಸಿಗುತ್ತದೆಂದೇ. ಮುಸುರೆಯನ್ನು ಬಾಳೆಬುಡಕ್ಕೆ ಚೆಲ್ಲುವ ರೂಢಿ ಬಿಡಿ. ಕಸದ ಡಬ್ಬಿಗೆ ಭದ್ರವಾದ ಮುಚ್ಚಳವಿರಲಿ. ಕೋಳಿಗಳ ಆಹಾರವನ್ನು ತಗಡಿನ ಡಬ್ಬಿಯಲ್ಲಿಡಿ, ಕತ್ತಲಾಗುವ ಮೊದಲು ಉಳಿದ ಕಾಳು ಗುಡಿಸಿ. ಬೆಕ್ಕಿಗೆ ಹಾಕಿದ ಅನ್ನ ಮೀನನ್ನು ರಾತ್ರಿ ಹೊರಗೆ ಬಿಡಬೇಡಿ. ಬಿದ್ದ ಪೇರಳೆ, ಮಾವು ಹೆಕ್ಕಿಬಿಡಿ. ಮದುವೆ, ಇಫ್ತಾರ್ ಕೂಟದ ಎಂಜಲು, ಬಕ್ರೀದ್‌ನ ತ್ಯಾಜ್ಯವನ್ನು ಮೇಲುಮೇಲೆ ಹೂಳದೆ ಆಳವಾದ ಗುಂಡಿಯಲ್ಲಿ ಹಾಕಿ ಮಣ್ಣು ತುಂಬಿ, ಇಲ್ಲವೇ ಸ್ಥಳೀಯಾಡಳಿತದ ವಾಹನಕ್ಕೆ ಕೊಡಿ.

ಕಟ್ಟಿಗೆ, ಹಂಚು, ತೆಂಗಿನ ಮಡಲಿನ ರಾಶಿಯನ್ನು ಗೋಡೆಗೆ ತಾಗದಂತೆ, ನೆಲದಿಂದ ಒಂದು ಅಡಿಯಾದರೂ ಎತ್ತರದಲ್ಲಿ ಕಲ್ಲಿನ ಮೇಲೆ ಪೇರಿಸಿ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಗೋಡೆಯ ಬುಡದಲ್ಲಿ ಪೊದೆ ಬೆಳೆಯಲು ಬಿಡಬೇಡಿ. ಬಯಲಾದ ನೆಲದಲ್ಲಿ ಓಡಾಡಲು ಹೆಗ್ಗಣ ಅಂಜುತ್ತದೆ.

ಬಿಲ ಬಿಡಿಸುವ ಬಗೆ

ಇದಾದ ಮೇಲೆ ಬಿಲದ ಸರದಿ. ಎಲ್ಲ ಬಾಯಿಗಳನ್ನೂ ಒಮ್ಮೆಲೇ ಮುಚ್ಚಬೇಡಿ. ಒಳಗೆ ಮರಿಗಳಿದ್ದರೆ ಉಸಿರುಗಟ್ಟಿ ಸಾಯುತ್ತವೆ, ಕೊಳೆತ ವಾಸನೆ ನಿಮಗೇ. ಒಂದು ಬಾಯಿ ಬಿಟ್ಟು ಉಳಿದವನ್ನು ಮುಚ್ಚಿ. ಆ ಒಂದರ ಸುತ್ತಲಿನ ಮಣ್ಣನ್ನು ದಿನಾಲೂ ಹಾರೆಯಿಂದ ಕೆದಕಿ. ನೆಮ್ಮದಿ ಕೆಟ್ಟ ಜಾಗದಲ್ಲಿ, ಅದೂ ಊಟವಿಲ್ಲದೆ, ಹೆಗ್ಗಣ ಹೆಚ್ಚು ದಿನ ನಿಲ್ಲುವುದಿಲ್ಲ. ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗುತ್ತದೆ. ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿ. ಮೂರು ನಾಲ್ಕು ರಾತ್ರಿ ಕಾಗದ ಅಲುಗದಿದ್ದರೆ ಬಿಲಕ್ಕೆ ಜಲ್ಲಿ ತುಂಬಿ, ಮೇಲೆ ಮಣ್ಣು ಹಾಕಿ ಗುದ್ದಿ, ಹುಲ್ಲು ನೆಡಿ.

ಮರಳಿ ಬರದಿರಲು ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಕಬ್ಬಿಣದ ಜಾಲರಿ ಹೂಳಿ, ಅದರ ಕೆಳತುದಿಯನ್ನು ಹೊರಮುಖವಾಗಿ ಬಾಗಿಸಿ. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಬಚ್ಚಲು ನೀರಿನ ಪೈಪಿನ ಬಾಯಿಗೂ ಜಾಲರಿ ಕಟ್ಟಿ, ಮೋರಿಯ ಒಡೆದ ಚಪ್ಪಡಿ ಸರಿಪಡಿಸಿ.

ಬೋನು ಇಡುವುದೇ ಆದರೆ ಬೆಳಿಗ್ಗೆ ಎದ್ದಕೂಡಲೇ ನೋಡಿ, ಬಿಸಿಲಲ್ಲಿ ಬಿಡಬೇಡಿ, ನೀರಲ್ಲಿ ಮುಳುಗಿಸಬೇಡಿ. ಹಿಡಿದದ್ದನ್ನು ಪರರ ತೋಟಕ್ಕೆ ಬಿಡುವುದು ನಮ್ಮ ಕಷ್ಟವನ್ನು ಅವರ ತಲೆಗೆ ಕಟ್ಟಿದಂತೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಬದುಕುವುದೂ ಕಷ್ಟ. ಕೊಲ್ಲಲೇಬೇಕಾದರೆ ಅನುಭವಸ್ಥರಿಂದ, ಒಂದೇ ಏಟಿಗೆ ಮುಗಿಯಲಿ.

ನಿಮ್ಮ ಆರೋಗ್ಯವೂ ಮುಖ್ಯ

ಹೆಗ್ಗಣದ ಮೂತ್ರ ಬೆರೆತ ನೀರು, ಕೆಸರಿನಿಂದ ಇಲಿ ಜ್ವರ ಹರಡುತ್ತದೆ. ಮಳೆಗಾಲದಲ್ಲಿ ಅಪಾಯ ಹೆಚ್ಚು. ಕೈಗವಸು, ಬೂಟು ಹಾಕಿಕೊಂಡೇ ಬಿಲದ ಕೆಲಸ ಮಾಡಿ. ಕಾಲಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ಆ ಬಳಿಕ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ಅಂಗಳದ ಕೆಲಸದ ವಿಷಯವನ್ನೂ ಹೇಳಿ. ಬೇಗ ಗುರುತಿಸಿದರೆ ಔಷಧಿಯಿಂದ ಗುಣವಾಗುವ ಕಾಯಿಲೆ ಅದು.

ವಿಷದ ಪೊಟ್ಟಣ ಒಂದು ನಿಮಿಷದ ಕೆಲಸ, ಇದು ಎರಡು ಮೂರು ವಾರಗಳದ್ದು. ಆದರೆ ವಿಷದಿಂದ ಒಂದು ಹೆಗ್ಗಣ ಸತ್ತರೆ, ಊಟ ಆಸರೆ ಹಾಗೆಯೇ ಇರುವಾಗ, ಆ ಬಿಲಕ್ಕೆ ಇನ್ನೊಂದು ಬರುತ್ತದೆ. ಪಕ್ಕದ ಮನೆಯವರೊಂದಿಗೂ ಮಾತಾಡಿ, ಏಕೆಂದರೆ ಹೆಗ್ಗಣಕ್ಕೆ ಕಾಂಪೌಂಡು ಗೋಡೆಯ ಲೆಕ್ಕವಿಲ್ಲ. ಇವತ್ತು ರಾತ್ರಿ ಅಡುಗೆಮನೆಯ ಪಾತ್ರೆಗಳನ್ನು ಮುಚ್ಚುವಾಗ, ಹಿತ್ತಲಿನ ಕಸದ ಡಬ್ಬಿಯ ಮುಚ್ಚಳವನ್ನೂ ಒಮ್ಮೆ ನೋಡಿ ಬನ್ನಿ.