ಹಾಳೆಯ ಯಾವ ಮಗ್ಗುಲು ಮೇಲೆ?

ಗಾಜಿನ ಹಲಗೆಯ ಮೇಲೆ ಮಂದವಾದ ದ್ರಾವಣ ಬೀಳುತ್ತದೆ. ಉದ್ದನೆಯ ಅಲಗೊಂದು ಅದನ್ನು ಒಂದೇ ಎಳೆತಕ್ಕೆ ತೆಳ್ಳಗೆ ಸವರಿಕೊಂಡು ಹೋಗುತ್ತದೆ. ಅಸಿಟೋನಿನ ಘಾಟು ಮೂಗಿಗೆ ಅಡರುತ್ತದೆ. ತುಸು ಹೊತ್ತು ಗಾಳಿಗೆ ಬಿಟ್ಟು, ಹಲಗೆ ಸಮೇತ ಮಂಜುಗಡ್ಡೆಯ ನೀರಿಗೆ ಇಳಿಸುತ್ತಾರೆ. ಬಿಳಿಚಿದ ಹಾಳೆಯನ್ನು ಗಾಜಿನಿಂದ ಬಿಡಿಸಿ, ಸುಮಾರು 80 ಡಿಗ್ರಿಯ ಬಿಸಿನೀರಿನಲ್ಲಿ ಹದಗೊಳಿಸುತ್ತಾರೆ. 1960ರ ಸುಮಾರಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೀಗೆ ಹಾಳೆ ಎರೆಯುತ್ತಿದ್ದವರು ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್.

ಲೋಬ್ ಹುಟ್ಟಿದ್ದು 1917ರಲ್ಲಿ. ಕೆಮಿಕಲ್ ಎಂಜಿನಿಯರಿಂಗ್ ಓದಿ, ವರ್ಷಗಟ್ಟಲೆ ಉದ್ಯಮದಲ್ಲಿ ದುಡಿದು, ನಲವತ್ತರ ಆಸುಪಾಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಬಂದವರು. ಅವರ ಗುರು ಸ್ಯಾಮ್ಯುಯೆಲ್ ಯೂಸ್ಟರ್ ತಲೆಯಲ್ಲಿ ಒಂದು ವಿಚಿತ್ರ ಲೆಕ್ಕಾಚಾರವಿತ್ತು. ಉಪ್ಪುನೀರಿನ ಮೇಲ್ಮೈಯಲ್ಲಿ, ಅಣುಗಳ ಲೆಕ್ಕದಲ್ಲಿ ಅಳೆಯಬೇಕಾದಷ್ಟು ತೆಳುವಾದ ಉಪ್ಪಿಲ್ಲದ ಪದರವೊಂದಿರುತ್ತದೆ ಎಂದು ವಿಜ್ಞಾನಿ ಗಿಬ್ಸ್‌ನ ಸಮೀಕರಣ ಹೇಳುತ್ತದೆ. ಹಾಲಿನ ಕೆನೆ ತೆಗೆದ ಹಾಗೆ, ಸೋಸುವ ಹಾಳೆಯೊಂದರಿಂದ ಆ ಪದರವನ್ನಷ್ಟೇ ತೆಗೆದು ಸಿಹಿನೀರು ಪಡೆಯಬಾರದೇಕೆ? ಫಲ ಕಾಣುವ ಮೊದಲೇ ಯೂಸ್ಟರ್ ತೀರಿಕೊಂಡರು. ಲೆಕ್ಕ ಶಿಷ್ಯರ ಪಾಲಿಗೆ ಉಳಿಯಿತು.

ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆಂದು ಫ್ಲಾರಿಡಾದಲ್ಲಿ ರೀಡ್ ಮತ್ತು ಬ್ರೆಟನ್ ಆಗಲೇ ತೋರಿಸಿದ್ದರು. ಆದರೆ ನೀರು ಬರುತ್ತಿದ್ದುದು ತೊಟ್ಟು ತೊಟ್ಟಾಗಿ. ಬಾಯಾರಿದವನು ಕಾದು ಕೂರುವಂತಿರಲಿಲ್ಲ. ಲೋಬ್ ಮತ್ತು ಸೌರಿರಾಜನ್ ಮೊದಲು ಅಂಗಡಿಯಲ್ಲಿ ಸಿಗುವ ಸೋಸು ಹಾಳೆಯನ್ನೇ ತಂದು, ನೀರಿನಲ್ಲಿ ಕಾಯಿಸಿ, ಯಂತ್ರಕ್ಕೆ ಕೂರಿಸಿ ಉಪ್ಪುನೀರನ್ನು ಅದರ ಮೇಲೆ ಒತ್ತಿದರು. ಒಮ್ಮೆ ಉಪ್ಪು ನಿಲ್ಲುತ್ತಿತ್ತು, ಇನ್ನೊಮ್ಮೆ ಅದೇ ಹಾಳೆಯ ಇನ್ನೊಂದು ತುಂಡಿನಿಂದ ಉಪ್ಪು ಸರಾಗವಾಗಿ ದಾಟುತ್ತಿತ್ತು. ಕಾರಣ ತಿಳಿದಾಗ ಅದು ತೀರ ಸರಳವಾಗಿತ್ತು: ಹಾಳೆಯ ಎರಡು ಮಗ್ಗುಲೂ ಒಂದೇ ಅಲ್ಲ. ಒಂದು ಮಗ್ಗುಲು ಉಪ್ಪುನೀರಿಗೆ ಎದುರಾಗಿದ್ದರೆ ಕೆಲಸ ಆಗುತ್ತದೆ, ಮಗುಚಿ ಹಾಕಿದರೆ ಇಲ್ಲ.

ನನ್ನ ಮಟ್ಟಿಗೆ ಈ ಕಥೆಯ ತಿರುಳು ಇಲ್ಲಿದೆ. ಅಳತೆ ಏರುಪೇರಾದಾಗ ಅದನ್ನು ಯಂತ್ರದ ತಪ್ಪೆಂದು ತಳ್ಳಿಹಾಕದೆ ಹಾಳೆಯನ್ನು ತಿರುಗಿಸಿ ನೋಡಿದರಲ್ಲ, ಆ ಕುತೂಹಲ. ಆಮೇಲೆ ತಾವೇ ಎರೆದ ಪೊರೆಯಲ್ಲಿ ಈ ಭೇದವನ್ನು ಬೇಕೆಂದೇ ತಂದರು. ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಬಿಗಿ ಪದರ. ಕೆಳಗೆ ಅದನ್ನು ಹೊತ್ತು ನಿಲ್ಲಲು ದಪ್ಪನೆಯ ರಂಧ್ರಮಯ ಭಾಗ. ಉಪ್ಪು ತಡೆಯುವುದು ಮೇಲಿನ ಪದರವಷ್ಟೇ. ಅದು ತೆಳುವಾದಷ್ಟೂ ನೀರಿಗೆ ದಾರಿ ಸಲೀಸು. ಸಮುದ್ರದ ನೀರಿನಿಂದ ಸಿಹಿನೀರು ಬಿಡಿಸಿಕೊಳ್ಳಲು ವಾತಾವರಣದ ಒತ್ತಡದ 25 ಪಟ್ಟಿಗೂ ಮಿಕ್ಕ ಒತ್ತಡ ಬೇಕು; ಇವರು ಸುಮಾರು 100 ಪಟ್ಟು ಒತ್ತಿದರು. ಹಿಂದಿನ ಹಾಳೆಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ನೀರು ಹರಿಯಿತು.

1965ರಲ್ಲಿ ಪೊರೆ ಪ್ರಯೋಗಾಲಯ ಬಿಟ್ಟು ಊರಿಗೆ ಬಂತು. ಕ್ಯಾಲಿಫೋರ್ನಿಯಾದ ಕೋಲಿಂಗಾ ಒಣಭೂಮಿಯ ಎಣ್ಣೆಬಾವಿಗಳ ಪಟ್ಟಣ. ನೆಲದಡಿಯ ನೀರು ಬಾಯಿಗಿಡಲಾಗದಷ್ಟು ಲವಣಮಯ. ದಶಕಗಳ ಕಾಲ ಕುಡಿಯುವ ನೀರನ್ನು ರೈಲಿನಲ್ಲಿ ತರಿಸಿಕೊಂಡ ಊರು. ಅಲ್ಲಿ ಲೋಬ್ ತಂಡದ ಪೊರೆಯ ಕೊಳವೆಗಳು ದಿನಕ್ಕೆ 5,000 ಗ್ಯಾಲನ್, ಅಂದರೆ ಸುಮಾರು 19,000 ಲೀಟರ್ ಸಿಹಿನೀರು ಕೊಟ್ಟವು.

ಸೌರಿರಾಜನ್ ಕೆನಡಾದ ಒಟ್ಟಾವಾಕ್ಕೆ ಹೋಗಿ, ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಲೆಸಿದರು. ಪೊರೆಯ ಮೇಲ್ಮೈ ನೀರನ್ನು ಆರಿಸಿ ಸೆಳೆದುಕೊಳ್ಳುತ್ತದೆ, ಆ ನೀರು ಸೂಕ್ಷ್ಮ ರಂಧ್ರಗಳಲ್ಲಿ ಇಳಿಯುತ್ತದೆ ಎನ್ನುವುದು ಅವರ ವಾದ. ನೀರು ಪೊರೆಯೊಳಗೆ ಕರಗಿ ದಾಟುತ್ತದೆ ಎನ್ನುವ ಇನ್ನೊಂದು ವಾದವೇ ಪಠ್ಯಪುಸ್ತಕಗಳಲ್ಲಿ ಗೆದ್ದಿತು. ಈಚೆಗೆ ರಂಧ್ರದ ಪಕ್ಷ ಮತ್ತೆ ತಲೆ ಎತ್ತಿದೆ. ಪೊರೆಗೆ ಈ ಜಗಳದ ಹಂಗಿಲ್ಲ.

ಲೋಬ್ ಇಸ್ರೇಲಿಗೆ ಹೋಗಿ ಬೇರ್‌ಶೇಬಾದಲ್ಲಿ ಪಾಠ ಹೇಳಿದರು. 1970ರ ದಶಕದಲ್ಲಿ ತಮ್ಮ ವಿದ್ಯೆಯನ್ನೇ ಮಗುಚಿದರು: ಸಿಹಿನೀರು ಪೊರೆ ದಾಟಿ ಉಪ್ಪುನೀರಿಗೆ ಸೇರುವ ರಭಸದಿಂದ ವಿದ್ಯುತ್ ತೆಗೆಯಬಹುದು ಎಂದರು. ಅವರು ತೀರಿಕೊಂಡದ್ದು 2008ರಲ್ಲಿ. ಮರುವರ್ಷ ನಾರ್ವೆಯ ಟೋಫ್ಟೆಯಲ್ಲಿ ಅಂಥ ಮೊದಲ ಮಾದರಿ ಸ್ಥಾವರ ತೆರೆಯಿತು. ಖರ್ಚು ಹುಟ್ಟದೆ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಇಂದಿನ ಪೊರೆ ಪಾಲಿಅಮೈಡಿನದು, ಆದರೆ ತೆಳು ಪದರದ ಕೆಳಗೆ ರಂಧ್ರದ ಆಸರೆ ಎನ್ನುವ ಕಟ್ಟಡ ಅದೇ. ಕೋಲಾರ, ಪಾವಗಡದ ಕಡೆ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ಸುರುಳಿ ಸುತ್ತಿ ಕೂತಿರುವುದೂ ಸಾಮಾನ್ಯವಾಗಿ ಇಂಥದ್ದೇ ಪೊರೆ. ಅದು ತಡೆದ ಫ್ಲೋರೈಡ್ ಎಲ್ಲೂ ಮಾಯವಾಗುವುದಿಲ್ಲ, ಉಳಿದ ನೀರಿನಲ್ಲಿ ಇನ್ನಷ್ಟು ಗಾಢವಾಗಿ ಹೊರಬೀಳುತ್ತದೆ. ಮುಂದಿನ ಸಲ ಕ್ಯಾನು ಹಿಡಿದು ಹೋದಾಗ ಘಟಕದ ಹಿಂದಕ್ಕೂ ಒಂದು ಸುತ್ತು ಬನ್ನಿ. ಆ ಗಾಢ ನೀರನ್ನು ಹೊರಬಿಡುವ ಪೈಪು ಕೊಳವೆಬಾವಿಯ ಬುಡಕ್ಕೇ ಹರಿಯುತ್ತಿದ್ದರೆ ಪಂಚಾಯಿತಿಯವರನ್ನು ಕೇಳಿ.