ಹುಲಿ ಕಾಣದಿದ್ದರೆ ಕಾಡು ಖಾಲಿಯೇ?

ಮೈಸೂರಿನ ನಜರ್‌ಬಾದಿನ ಮಕ್ಕಳಿಗೆ ಹುಲಿ ಅಪರೂಪವಲ್ಲ. ಬಡಾವಣೆಯ ಪಕ್ಕದಲ್ಲೇ 1892ರಲ್ಲಿ ಶುರುವಾದ ಮೃಗಾಲಯವಿದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಹುಲಿ, ಚಿರತೆ, ಜಿರಾಫೆ ಎಲ್ಲವೂ ಅವುಗಳ ಜಾಗದಲ್ಲೇ ಸಿಗುತ್ತವೆ. ಅದೇ ಆಸೆಯಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಸುಮಾರು 80 ಕಿ.ಮೀ. ದೂರದ ಬಂಡೀಪುರಕ್ಕೆ ಹೋದವರು ಸಫಾರಿ ಬಸ್ಸಿನಿಂದ ಇಳಿಯುವಾಗ ಮುಖ ಸಪ್ಪಗೆ ಮಾಡಿಕೊಂಡಿರುತ್ತಾರೆ. ‘ಬರೀ ಜಿಂಕೆ! ಇಲ್ಲಿ ಹುಲಿಯೇ ಇಲ್ಲ ಬಿಡಿ.’

ಖಂಡಿತ ಇದೆ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಬಂಡೀಪುರ ಅವುಗಳ ದೊಡ್ಡ ನೆಲೆಗಳಲ್ಲೊಂದು. ಸಫಾರಿ ವಾಹನ ಸುತ್ತುವುದು ಆ ಕಾಡಿನ ಒಂದು ಮೂಲೆಯಲ್ಲಿ ಮಾತ್ರ. ಇನ್ನು ಆ ‘ಬರೀ ಜಿಂಕೆ’ಯ ವಿಷಯ. ಪಕ್ಕದ ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರು ಹುಲಿಯ ಊಟದ ಲೆಕ್ಕವನ್ನು ಬಿಡಿಸಿ ತೋರಿಸಿದ್ದಾರೆ. ಒಂದು ಹುಲಿಗೆ ವಾರಕ್ಕೊಂದು ದೊಡ್ಡ ಬೇಟೆಯಾದರೂ ಬೇಕು, ಅಂದರೆ ವರ್ಷಕ್ಕೆ ಸುಮಾರು 50. ಸಂತತಿ ಕುಗ್ಗದೆ ಅಷ್ಟು ಒದಗಬೇಕಾದರೆ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಯಂಥ ಸುಮಾರು 500 ಪ್ರಾಣಿಗಳಿರಬೇಕು. ಜಿಂಕೆಗಳ ಹಿಂಡು ಕಂಡಿತೆಂದರೆ ಹುಲಿಯ ಅನ್ನದ ಬುತ್ತಿಯೇ ಕಂಡಂತೆ.

ಉಷ್ಣವಲಯದ ಕಾಡೆಂದರೆ ವರ್ಷವಿಡೀ ಹಸಿರು, ಜಿಟಿಜಿಟಿ ಮಳೆ ಎಂಬ ಚಿತ್ರವೂ ಇಲ್ಲಿಗೆ ಹೊಂದುವುದಿಲ್ಲ. ಬಂಡೀಪುರ ಪಶ್ಚಿಮ ಘಟ್ಟದ ಮಳೆನೆರಳಿನ ಕಾಡು. ಇಲ್ಲಿನ ತೇಗ, ಮತ್ತಿ, ದಿಂಡಿಗ ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತವೆ. ‘ಕಾಡು ಒಣಗಿ ಸತ್ತಿದೆ’ ಎಂದು ಮರುಗಬೇಕಿಲ್ಲ. ಮರುಗಬೇಕಾದದ್ದು ದಾರಿಯುದ್ದಕ್ಕೂ ಬಣ್ಣಬಣ್ಣದ ಹೂಬಿಟ್ಟು ನಿಂತ ಲಂಟಾನದ ಪೊದೆಗಳನ್ನು ಕಂಡು. ಅಮೆರಿಕ ಖಂಡದಿಂದ ಬಂದ ಈ ಗಿಡ ನೆಲವನ್ನು ಆವರಿಸಿ, ಜಿಂಕೆ ಮೇಯುವ ಹುಲ್ಲು ಏಳದಂತೆ ಮಾಡುತ್ತದೆ.

ಬಿದಿರಿಗೆ ಬಿದಿರು ಉಜ್ಜಿ ಕಾಳ್ಗಿಚ್ಚು ಹೊತ್ತುತ್ತದೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪಾಪ, ಬಿದಿರಿನ ಮೇಲೆ ಸುಮ್ಮನೆ ಅಪವಾದ! ನಮ್ಮ ಎಲೆ ಉದುರುವ ಕಾಡುಗಳಿಗೆ ಬೆಂಕಿ ತಗಲುವುದು ಬಹುಪಾಲು ಮನುಷ್ಯರ ಕೈಯಿಂದಲೇ.

ಕೋತಿಗೆ ಬಾಳೆಹಣ್ಣು ಕೊಟ್ಟರೆ ಪುಣ್ಯ ಎನ್ನುವವರು ಊಟಿ ರಸ್ತೆಯನ್ನೊಮ್ಮೆ ನೋಡಬೇಕು. ತಿಂಡಿಯ ಆಸೆಗೆ ರಸ್ತೆಬದಿ ಕಾಯುವ ಮರಿಗಳು ಚಕ್ರಕ್ಕೆ ಸಿಗುತ್ತವೆ. ಪ್ರಾಣಿಗಳ ಸಾವು ತಡೆಯಲೆಂದೇ 2009ರಿಂದ ಇಲ್ಲಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನ ಬಾಳೆಹಣ್ಣನ್ನು ತಡೆಯಬೇಕಾದವರು ಪ್ರಯಾಣಿಕರೇ.

ಸಫಾರಿ ಕಣ್ಣಿನ ಕೆಲಸ ಎಂಬುದೂ ಪೂರ್ತಿ ನಿಜವಲ್ಲ. ಮರದ ತುದಿಯಲ್ಲಿ ಮುಸುವ ಕೆಮ್ಮಿದರೆ, ಕೆಳಗೆ ಜಿಂಕೆ ಕಿವಿ ನಿಮಿರಿಸಿ ಕೂಗಿದರೆ ಅನುಭವಿ ಚಾಲಕ ಎಂಜಿನ್ ಆರಿಸುತ್ತಾನೆ. ಜಿಂಕೆ ಸುಳ್ಳೇ ಬೆದರುವುದುಂಟು. ಕಡವೆ ಹಾಗಲ್ಲ, ಅದು ಒಂದೇ ಕಡೆ ನೋಡುತ್ತ ಮತ್ತೆ ಮತ್ತೆ ಕೂಗಿತೆಂದರೆ, ಆ ಪೊದೆಯ ಹಿಂದೆ ಯಾರೋ ಮಲಗಿರುತ್ತಾರೆ.